ಹಳೆಯ ಬುಲ್ಟಾಕೊ: ಕೊಳ್ಳುವವರಿಗೊಂದು ಮಾತು

ಕಲಾ ಕಾಲೇಜಿನ ಸಂಚಿಕೆಯಲ್ಲಿ ಮೋಟಾರ್ ಸೈಕಲ್ಲಿನ ಮಾತೇಕೆ ಎಂದು ವಾಚಕರು ಕೇಳಬಹುದು. ಹಳೆಯ ಶಾಸನವನ್ನೂ ನಾಣ್ಯವನ್ನೂ ಓದುವುದು ವಿದ್ಯೆಯಾದರೆ, ಹಳೆಯ ಯಂತ್ರವನ್ನು ಓದುವುದೂ ಅದೇ ಜಾತಿಯ ವಿದ್ಯೆಯೆಂದು ನನ್ನ ನಂಬಿಕೆ. ನಿದರ್ಶನಕ್ಕೆ ಸ್ಪೇನ್ ದೇಶದ ಬುಲ್ಟಾಕೊ ಎಂಬ ಹಗುರ ಬಂಡಿಯನ್ನು ತೆಗೆದುಕೊಳ್ಳುತ್ತೇನೆ. ಇವು ಯುರೋಪಿನಲ್ಲಿ ಇಂದಿಗೂ ಕೈಯಿಂದ ಕೈಗೆ ಮಾರಾಟವಾಗುತ್ತಿವೆ. ‘ಅಪ್ಪಟ ಹಳೆಯದು, ಸುಸ್ಥಿತಿಯಲ್ಲಿದೆ’ ಎಂಬ ಮಾರುವವನ ಮಾತಿನಲ್ಲಿ ನಿಜವೆಷ್ಟು ಎಂದು ತಿಳಿಯುವ ಬಗೆ ಹೇಗೆ?

ಮೊದಲು ಬಂಡಿಯ ಕುಲಗೋತ್ರ. 1936ರಿಂದ 1939ರವರೆಗೆ ನಡೆದ ಅಂತರ್ಯುದ್ಧದಿಂದ ಸ್ಪೇನ್ ಬಡವಾಗಿತ್ತು. ಹೊರದೇಶದಿಂದ ವಾಹನ ತರಿಸಲು ಹಣವಿರಲಿಲ್ಲ, ಅನುಮತಿಯೂ ಸುಲಭವಾಗಿರಲಿಲ್ಲ. ಜನರಿಗೆ ಅಗ್ಗದ ವಾಹನ ಬೇಕಾಗಿತ್ತು. 1945ರಲ್ಲಿ ಬಾರ್ಸಿಲೋನಾದಲ್ಲಿ ಪರ್ಮಾನ್ಯೆರ್ ಮತ್ತು ಬುಲ್ಟೊ ಎಂಬಿಬ್ಬರು ಕೂಡಿ ಮೊಂಟೆಸಾ ಎಂಬ ಕಾರ್ಖಾನೆಯನ್ನು ತೆರೆದರು. 1958ರಲ್ಲಿ ವ್ಯಾಪಾರ ಕುಗ್ಗಿದಾಗ ಪಂದ್ಯಗಳ ಖರ್ಚನ್ನು ನಿಲ್ಲಿಸೋಣವೆಂದು ಪರ್ಮಾನ್ಯೆರ್ ನಿಶ್ಚಯಿಸಿದರು. ಬುಲ್ಟೊ ಅವರಿಗಾದರೋ ಪಂದ್ಯವೇ ಪ್ರಯೋಗಶಾಲೆ. ಅವರು ಹೊರಬಂದರು, ಪಂದ್ಯದ ವಿಭಾಗದಲ್ಲಿದ್ದ ಕೆಲವು ಕೆಲಸಗಾರರೂ ಅವರ ಹಿಂದೆಯೇ ನಡೆದರು. ಒಂದು ತೋಟದ ಮನೆಯಲ್ಲಿ ಹೊಸ ಕೆಲಸ ಆರಂಭವಾಯಿತು. 1959ರಲ್ಲಿ ‘ಟ್ರಾಯಾ 101’ ಹೊರಬಂದಿತು. ಟ್ರಾಯಾ ಎಂದರೆ ಚಾವಟಿ. ಒಂದೇ ಸಿಲಿಂಡರಿನ, 125 ಸಿ.ಸಿ.ಯ ಪುಟ್ಟ ಎಂಜಿನ್ ಅದರದು. 1965ರಲ್ಲಿ ಸ್ಯಾಮಿ ಮಿಲ್ಲರ್ ಎಂಬ ಸವಾರರು ಇದೇ ಕಾರ್ಖಾನೆಯ ‘ಶೆರ್ಪಾ ಟಿ’ ಬಂಡಿಯನ್ನೇರಿ ಸ್ಕಾಟ್ಲೆಂಡಿನ ಆರು ದಿನಗಳ ಸ್ಪರ್ಧೆಯನ್ನು ಗೆದ್ದಾಗ, ಅಲ್ಲಿ ಬ್ರಿಟಿಷ್ ಬಂಡಿಗಳಿಗಿದ್ದ ಏಕಸ್ವಾಮ್ಯ ಮುರಿಯಿತು.

ಈ ಬಂಡಿ ಇಷ್ಟು ಹಗುರವಾದುದು ಹೇಗೆ? ಅದರದು ಟೂ-ಸ್ಟ್ರೋಕ್ ಎಂಜಿನ್. 1961ರಿಂದ 1996ರವರೆಗೆ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿ ಬಂಡಿಗಳನ್ನು ಬಲ್ಲವರಿಗೆ ಇದರ ಸದ್ದೂ ಹೊಗೆಯೂ ಅಪರಿಚಿತವಲ್ಲ. ಇದರಲ್ಲಿ ಕವಾಟಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ ತಾನೇ ಮುಚ್ಚುತ್ತದೆ, ತಾನೇ ತೆರೆಯುತ್ತದೆ. ಕ್ರ್ಯಾಂಕಿನ ಪ್ರತಿ ಸುತ್ತಿಗೂ ಒಂದು ಬಲದ ಹೊಡೆತ. ಪೆಟ್ರೋಲು ಕ್ರ್ಯಾಂಕಿನ ಗೂಡನ್ನು ಹಾಯ್ದೇ ಮೇಲೇರುವುದರಿಂದ ಅದರಲ್ಲಿಯೇ ಎಣ್ಣೆಯನ್ನು ಬೆರೆಸಬೇಕು. ಭಾಗಗಳು ಕಡಿಮೆ, ತೂಕ ಕಡಿಮೆ, ಬೆಲೆಯೂ ಕಡಿಮೆ. ಬಡತನದಲ್ಲಿ ಹುಟ್ಟಿದ ಜಾಣತನವೆಂದರೆ ಇದೇ.

ಇನ್ನು ಪರೀಕ್ಷೆ. ಮೊದಲನೆಯದಾಗಿ, ಎಂಜಿನ್ನಿನ ಮೇಲೂ ಚೌಕಟ್ಟಿನ ಮೇಲೂ ಕೊರೆದಿರುವ ಅಂಕಿಗಳನ್ನು ಹೋಲಿಸಬೇಕು. ಕಾರ್ಖಾನೆಯಿಂದ ಹೊರಟಾಗ ಎರಡೂ ಒಂದೇ ಆಗಿದ್ದವು. ಈಗ ಬೇರೆಯಾಗಿದ್ದರೆ, ಒಂದು ಬಂಡಿಯ ತಲೆಗೆ ಇನ್ನೊಂದರ ಮುಂಡ ಕೂಡಿದೆಯೆಂದು ತಿಳಿಯಬೇಕು. ಎರಡನೆಯದಾಗಿ, ನಾವು ಹೋಗುವ ಮುನ್ನ ಎಂಜಿನ್ ಬೆಚ್ಚಗಾಗಿರಬಾರದು. ತಣ್ಣಗಿರುವಾಗ ಕಿಕ್ ಹೊಡೆದು ನೋಡಬೇಕು. ಕ್ರ್ಯಾಂಕಿನ ಎರಡು ಬದಿಯ ಸೀಲುಗಳು ಬಹುಕಾಲ ನಿಂತಲ್ಲೇ ನಿಂತ ಬಂಡಿಯಲ್ಲಿ ಒಣಗಿ ಗಟ್ಟಿಯಾಗುತ್ತವೆ. ಆಗ ಗಾಳಿ ಕಳ್ಳದಾರಿಯಲ್ಲಿ ನುಗ್ಗುತ್ತದೆ. ಗಾಳಿ ಹೆಚ್ಚಾದಂತೆ ಪೆಟ್ರೋಲು, ಎಣ್ಣೆ ಎರಡರ ಪಾಲೂ ಕಡಿಮೆಯಾಗಿ, ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಆಕ್ಸಿಲರೇಟರ್ ಬಿಟ್ಟರೂ ವೇಗ ಇಳಿಯದೆ ಎಂಜಿನ್ ಚೀರಿಕೊಂಡಿದ್ದರೆ ಅದೇ ಎಚ್ಚರಿಕೆ. ಮೂರನೆಯದಾಗಿ, ಶೆರ್ಪಾದಂಥ ಬಂಡಿಗಳ ಟ್ಯಾಂಕು ಫೈಬರ್ ಗ್ಲಾಸಿನದು. ಎಥನಾಲ್ ಬೆರೆತ ಇಂದಿನ ಪೆಟ್ರೋಲು ಅದರ ಅಂಟನ್ನೇ ಕರಗಿಸಬಲ್ಲುದು. ಸವಾರಿಗೆ ಹೊರಡುವವರು ಇನ್ನೊಂದನ್ನು ನೆನಪಿಡಬೇಕು: ಈ ಹಳೆಯ ಬಂಡಿಗಳಲ್ಲಿ ಅನೇಕವುಗಳ ಗೇರು ಬಲಗಾಲಿನ ಕೆಳಗೆ, ಹಿಂದಿನ ಬ್ರೇಕು ಎಡಗಾಲಿನ ಕೆಳಗೆ. ಅಭ್ಯಾಸಬಲದಿಂದ ಬಲಗಾಲನ್ನು ಒತ್ತಿದರೆ ಬಂಡಿ ನಿಲ್ಲುವುದಿಲ್ಲ.

ಕೊನೆಯದು ಬಣ್ಣದ ಪ್ರಶ್ನೆ. ಹೊಸ ಬಣ್ಣ ಬಳಿದು ಕನ್ನಡಿಯಂತೆ ಹೊಳೆಯುವ ಬಂಡಿಗೆ ಮನಸೋಲುವುದು ಸಹಜ. ನಾನಾದರೆ ಮಾಸಿದ್ದನ್ನೇ ಆರಿಸಿಯೇನು. ಮಾಸಿದ ಬಣ್ಣ ಸಾಕ್ಷಿ. ಹೊಳೆಯುವ ಬಣ್ಣ ವಕೀಲ. ಸಾಕ್ಷಿ ತಾನು ಕಂಡುದನ್ನು ಹೇಳುತ್ತಾನೆ, ವಕೀಲ ತನ್ನ ಕಕ್ಷಿಗೆ ಬೇಕಾದುದನ್ನು. ಬೆಸುಗೆ ಹಾಕಿದ ಬಿರುಕು, ತಗ್ಗುಬಿದ್ದ ತಗಡು ಇವೆಲ್ಲ ಹೊಸ ಬಣ್ಣದ ಕೆಳಗೆ ಸುಲಭವಾಗಿ ಅಡಗುತ್ತವೆ. ಒಮ್ಮೆ ಕೆರೆದು ತೆಗೆದ ಕಾರ್ಖಾನೆಯ ಬಣ್ಣವಂತೂ ಮತ್ತೆ ಬಾರದು.

ಬುಲ್ಟಾಕೊ ಕಾರ್ಖಾನೆ 1983ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಹಳೆಯ ಬಂಡಿಗಳಲ್ಲಿ ಒಂದು ಕೆಟ್ಟರೆ ಒಂದು ಕಡಿಮೆಯಾಯಿತೆಂದೇ ಲೆಕ್ಕ. ಇವನ್ನು ಉಳಿಸಿರುವವರು ಗಾಜಿನ ಮನೆಯಲ್ಲಿಟ್ಟು ಪೂಜಿಸುವವರಿಗಿಂತ ಹೆಚ್ಚಾಗಿ, ಎಣ್ಣೆ ಬೆರೆಸಿ, ಕೈ ಕರಿದು ಮಾಡಿಕೊಂಡು, ಬಂಡಿಯನ್ನು ಓಡಿಸುತ್ತಲೇ ಇರುವವರು. ಹೀಗಾಗಿ ಹಳೆಯ ಬಂಡಿಯನ್ನು ಕೊಳ್ಳುವವರು ಬರಿಯ ಸೊತ್ತನ್ನು ಕೊಳ್ಳುವುದಿಲ್ಲ, ಅದನ್ನು ಕಾಯುವ ಹೊಣೆಯನ್ನೂ ಕೊಳ್ಳುತ್ತಾರೆ. ಬೆಲೆ ಕೇಳುವ ಮೊದಲು, ಆ ಹೊಣೆ ನಮ್ಮಿಂದ ಸಾಗುವುದೇ ಎಂದು ನಮ್ಮನ್ನೇ ಕೇಳಿಕೊಳ್ಳುವುದು ಮೇಲು.