ಗಾಜಿನ ಜಾಡಿಯಲ್ಲಿದ್ದ ಜನ್ಮದಿನಗಳು

ಈ ಗಾಜಿನ ಜಾಡಿಯನ್ನು ನೋಡಿರಿ. 1969ರ ಡಿಸೆಂಬರ್ 1ರ ರಾತ್ರಿ, ವರ್ಷದ ಒಂದೊಂದು ತಾರೀಖನ್ನು ಒಳಗೊಂಡ 366 ನೀಲಿ ಪ್ಲಾಸ್ಟಿಕ್ ಕ್ಯಾಪ್ಸೂಲುಗಳನ್ನು ಇದರಲ್ಲಿ ತುಂಬಿ, ಒಂದೊಂದಾಗಿ ಹೊರತೆಗೆದು, ವಿಯೆಟ್ನಾಮಿನ ಯುದ್ಧಕಾಲದಲ್ಲಿ ಯಾವ ತರುಣನು ಮೊದಲು ಸೈನ್ಯಕ್ಕೆ ಸೇರತಕ್ಕವನೆಂಬುದನ್ನು, ದೇಶವೆಲ್ಲ ದೂರದರ್ಶನದಲ್ಲಿ ನೋಡುತ್ತಿದ್ದಂತೆಯೇ, ಅಮೆರಿಕದ ಸರ್ಕಾರವು ನಿರ್ಣಯಿಸಿತು. ಮೊದಲು ಬಂದ ತಾರೀಖು ಸೆಪ್ಟೆಂಬರ್ 14; ಆ ದಿನ ಹುಟ್ಟಿದವರದೇ ಮೊದಲ ಸರದಿ.

ಕಾಲೇಜು ಸೇರಿದವನಿಗೆ ವಿನಾಯಿತಿ ದೊರೆತು, ಓದಿಸುವ ಶಕ್ತಿಯಿಲ್ಲದ ಬಡವನ ಮಗನೇ ಬಂದೂಕು ಹೊರಬೇಕಾಗಿದ್ದ ಅನ್ಯಾಯಕ್ಕೆ ಇದು ಪರಿಹಾರವೆಂದು ಹಲವರು ನಂಬಿದ್ದರು. ಆದರೆ ಆ ವಿನಾಯಿತಿಯು ಹಾಗೆಯೇ ಉಳಿಯಿತಲ್ಲದೆ, ಕ್ಯಾಪ್ಸೂಲುಗಳನ್ನು ಸರಿಯಾಗಿ ಬೆರೆಸದೆ ಹೋದುದರಿಂದ, ವರ್ಷದ ಕೊನೆಯಲ್ಲಿ ಹುಟ್ಟಿದವರ ಪಾಲಿಗೇ ಮುಂಚಿನ ಸರದಿಗಳು ಹೆಚ್ಚಾಗಿ ಬಂದುವು.

1970ರ ಏಪ್ರಿಲ್ 30ರಂದು ಅಧ್ಯಕ್ಷ ನಿಕ್ಸನ್ನರು ಯುದ್ಧವನ್ನು ಕಾಂಬೋಡಿಯಕ್ಕೂ ವಿಸ್ತರಿಸಿದಾಗ ವಿಶ್ವವಿದ್ಯಾನಿಲಯಗಳು ಕೆರಳಿದುವು. ಮೇ 4ರಂದು, ಓಹಾಯೊದ ಕೆಂಟ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ, ನ್ಯಾಷನಲ್ ಗಾರ್ಡಿನ ಸಿಪಾಯಿಗಳು 13 ಸೆಕೆಂಡುಗಳ ಕಾಲ ಹಾರಿಸಿದ ಗುಂಡುಗಳಿಗೆ ನಾಲ್ವರು ವಿದ್ಯಾರ್ಥಿಗಳು ಬಲಿಯಾದರು. ಅವರಲ್ಲಿ ಇಬ್ಬರು ಪ್ರತಿಭಟನೆಗೆ ಬಂದವರಲ್ಲ, ತರಗತಿಗಳ ನಡುವೆ ಆ ದಾರಿಯಾಗಿ ನಡೆದುಹೋಗುತ್ತಿದ್ದವರು. ನಾಲ್ಕೇ ದಿನಗಳಲ್ಲಿ, ನ್ಯೂಯಾರ್ಕಿನ ಬೀದಿಯಲ್ಲಿ, ಕಟ್ಟಡ ಕಾರ್ಮಿಕರು ಯುದ್ಧವಿರೋಧಿ ವಿದ್ಯಾರ್ಥಿಗಳನ್ನು ಅಟ್ಟಾಡಿಸಿ ಹೊಡೆದರು. ಮೇ 15ರಂದು ಮಿಸಿಸಿಪ್ಪಿಯ ಜ್ಯಾಕ್ಸನ್ ಸ್ಟೇಟ್ ಕಾಲೇಜಿನಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಕರಿಯ ತರುಣರು ಸತ್ತರು. ಅವರನ್ನು ಲೋಕವು ಅಷ್ಟಾಗಿ ಸ್ಮರಿಸದಿರುವುದು ನನಗೆ ಇಂದಿಗೂ ನೋವಿನ ಸಂಗತಿ.

ಹದಿನೆಂಟಕ್ಕೆ ಯುದ್ಧಭೂಮಿಗೆ ಹೋಗಬಹುದಾಗಿದ್ದ ಅಮೆರಿಕದ ತರುಣರಿಗೆ, ಬಹುತೇಕ ರಾಜ್ಯಗಳಲ್ಲಿ, ಇಪ್ಪತ್ತೊಂದು ತುಂಬುವವರೆಗೆ ಮತದಾನದ ಹಕ್ಕೇ ಇರಲಿಲ್ಲ. ಆ ಹಕ್ಕು 1971ರಲ್ಲಿ, ಸಂವಿಧಾನದ 26ನೆಯ ತಿದ್ದುಪಡಿಯಿಂದ ಬಂದಿತು. ಸೈನ್ಯಕ್ಕೆ ಕಡ್ಡಾಯ ಭರ್ತಿಯು 1973ರಲ್ಲಿ ನಿಂತಿತು.