ಕಡಲೆ ಹೊಲದಲ್ಲಿ ಚಿಗರಿಗೊಂದು ಪಾಲು

ಸವದತ್ತಿಯ ಗುಡ್ಡಗಳು ಬೆನ್ನ ಹಿಂದೆ ಸರಿದು ನವಲಗುಂದದ ಕಡೆಗೆ ಎರೆಭೂಮಿ ಅಗಲವಾಗಿ ಚಾಚಿಕೊಳ್ಳುವಲ್ಲಿ, ಹಳ್ಳದ ದಂಡೆಗೆ ಹತ್ತಿದ ಒಂದು ಹೊಲ ನೋಡಿ ಬಂದೆ. ಅದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನಡುವೆ ಗೇಣುದ್ದ ಎದ್ದ ಕಡಲೆ. ಅದರ ಸುತ್ತ ನಾಲ್ಕು ಸಾಲು ಕುಸುಬಿ. ಕುಸುಬಿಯಾಚೆ, ಹಳ್ಳದ ಮಗ್ಗುಲಿಗೆ, ಎರಡು ಚಕ್ಕಡಿ ಹಾಯುವಷ್ಟು ಅಗಲದ ಪಟ್ಟಿಯಲ್ಲಿ ಹುರುಳಿ. ಆ ಪಟ್ಟಿಯಲ್ಲಿ ಎಡೆ ಹೊಡೆದಿಲ್ಲ, ಕಸ ತೆಗೆದಿಲ್ಲ. ಹುರುಳಿಯ ಜೊತೆ ಕರಿಕೆಯೂ ಸೇರಿ ದಟ್ಟ ಹಸಿರು. ಹೊತ್ತು ಮೂಡುವ ಮುಂಚೆ ಅಲ್ಲಿ ಚಿಗರಿ ಹಿಂಡು ತಲೆ ಬಗ್ಗಿಸಿ ಮೇಯುತ್ತಿತ್ತು. ಕಂದು ಮೈಯ ಹೆಣ್ಣುಗಳು, ಮರಿಗಳು, ಅವುಗಳಿಂದ ತುಸು ದೂರದಲ್ಲಿ ತಿರುಚಿದ ಕೊಂಬಿನ ಕರಿ ಗಂಡು.

“ಆ ಪಟ್ಟಿ ಅವಕ್ಕಂತನ ಬಿಟ್ಟೀನ್ರಿ” ಎಂದರು ಹೊಲದ ಹಿರಿಯರು. “ಬ್ಯಾಡಂದ್ರೂ ಬರ್ತಾವು. ಬಂದಾವು ದಂಡೀಗೆ ತಿಂದು ಹೋಗ್ಲಿ. ಒಳಗ ಕಾಲಿಡಬಾರ್ದು, ಅಷ್ಟ.”

ನಾನು ನಿಂತಲ್ಲೇ ನಿಂತೆ. ಅಮೆರಿಕದ ಟೆಕ್ಸಸ್ಸಿನಲ್ಲಿ ಜಮೀನುದಾರರು ಮಾಡುವ ಕೆಲಸ ಇದೇ ತಾನೆ? ಜಿಂಕೆ ಬರಲೆಂದು ಚಳಿಗಾಲಕ್ಕೆ ಓಟ್ಸ್, ಗೋಧಿ, ಬೇಸಿಗೆಗೆ ಅಲಸಂದಿ ಬಿತ್ತುತ್ತಾರೆ. ಎಷ್ಟು ಅಗಲ ಬಿತ್ತಬೇಕು, ಹತ್ತಿರ ನೀರು ಎಲ್ಲಿರಬೇಕು, ಅಡಗಲು ಪೊದೆ ಎಷ್ಟು ಬಿಡಬೇಕು ಎನ್ನುವುದೆಲ್ಲ ಅಲ್ಲಿ ಒಂದು ಕಸುಬು. ಮೇವಿಗೆ ಬಂದ ಜಿಂಕೆಯನ್ನು ಹೊಡೆಯಲು ಬೇಟೆಗಾರರು ದುಡ್ಡು ಕೊಡುತ್ತಾರೆ. ಮುಖ್ಯ ಗಿರಾಕಿ ಅಲ್ಲಿಯದೇ ಬಿಳಿಬಾಲದ ಜಿಂಕೆ, ನಿಜ. ಆದರೆ 1932ರಲ್ಲಿ ನಮ್ಮ ಚಿಗರಿಯನ್ನೂ, ಅಂದರೆ ಕೃಷ್ಣಮೃಗವನ್ನೂ, ಅಲ್ಲಿಗೆ ಒಯ್ದು ಬಿಟ್ಟರು. ಬಯಲು ಹಿಡಿಸಿತು, ಸಾವಿರಗಟ್ಟಲೆ ಬೆಳೆಯಿತು. ಪಾಕಿಸ್ತಾನದಲ್ಲಿ ಈ ಪ್ರಾಣಿ ನಿರ್ನಾಮವಾದಾಗ ಅದನ್ನು ಮತ್ತೆ ಲಾಲ್ ಸುಹಾನ್ರಾ ಉದ್ಯಾನಕ್ಕೆ ತರಿಸಿದ್ದು ಅಮೆರಿಕದಿಂದಲೇ. ಅಲ್ಲಿ ಜಮೀನಿನ ಆದಾಯವಾದ ಪ್ರಾಣಿಯೇ ಸವದತ್ತಿಯ ಹೊಲದಲ್ಲಿ ರಾತ್ರಿಯಿಡೀ ನಿದ್ದೆಗೆಡಿಸುತ್ತದೆ.

ಹಿರಿಯರ ಹೊಲದ ಲೆಕ್ಕಾಚಾರ ಮಾತ್ರ ಯಾವ ಟೆಕ್ಸಸ್ಸಿನವರಿಂದಲೂ ಕಲಿತದ್ದಲ್ಲ. ಕುಸುಬಿಯನ್ನೇ ನೋಡಿ. ಎಳೆಯದಿದ್ದಾಗ ಅದರ ಎಲೆ ಮೆತ್ತಗೆ, ಪಲ್ಯಕ್ಕೆ ಒಗ್ಗುವಷ್ಟು. ಬೆಳೆದಂತೆ ಎಲೆಯಂಚಿನಲ್ಲಿ ಮುಳ್ಳು ಬಲಿಯುತ್ತದೆ, ಹೂವಿನ ಹೊತ್ತಿಗೆ ಬರಿಗೈಯಲ್ಲಿ ಮುಟ್ಟಲಾಗದು. ಆದ್ದರಿಂದ ಕಡಲೆಗಿಂತ ಮೊದಲೇ ಕುಸುಬಿ ನೆಲಕ್ಕೆ ಬೀಳಬೇಕು. ಒಂದೇ ದಿನ ಬಿತ್ತಿದರೆ ಕಡಲೆ ಕುಡಿ ಎಳೆಯದಿರುವಾಗ ಬೇಲಿಯೂ ಎಳೆಯದೇ ಇರುತ್ತದೆ. ಹಿರಿಯರ ಮುಂಗೈ ತುಂಬ ಗೀರುಗಳಿದ್ದವು, ಕೆಲವು ಹಳೆಯವು, ಕೆಲವು ಅವತ್ತಿನವು. ಕಡಲೆಯ ಕುಡಿಯನ್ನಂತೂ ಹೆಣ್ಣುಮಕ್ಕಳೇ ಚಿವುಟುತ್ತಾರೆ, ಗಿಡ ಕವಲೊಡೆಯಲಿ, ಮನೆಗೊಂದಿಷ್ಟು ಪಲ್ಯವಾಗಲಿ ಎಂದು. ಅಷ್ಟೇ ಆದರೆ ಚಿಗರಿ ಬಾಯಿ ಹಾಕಿದರೂ ಕೆಡುಕಿಲ್ಲ. ಆದರೆ ಅದು ಒಂದು ಸಲ ತಿಂದ ಗಿಡಕ್ಕೇ ಮರುದಿನ ಮತ್ತೆ ಬರುತ್ತದೆ, ಹಿಂಡು ಓಡಾಡಿದ ಜಾಗದಲ್ಲಿ ಸಾಲೇ ಕಾಣದು. ಕಡಲೆ ಎಲೆಯ ಹುಳಿ ಅದನ್ನು ತಡೆಯುವುದಿಲ್ಲ. ಬೆಳಗಿನ ಇಬ್ಬನಿಯಲ್ಲಿ ಆ ಹುಳಿ ನನ್ನ ಧೋತರದ ಅಂಚಿಗೂ ಹತ್ತಿತ್ತು.

ಅಕ್ಕಪಕ್ಕದ ಹೊಲಗಳಲ್ಲಿ ಹಳೆಯ ಸೀರೆ ಕಟ್ಟಿದ್ದಾರೆ, ಡಬ್ಬಿ ಬಾರಿಸುತ್ತಾರೆ, ಹುಡುಗರು ಕವಣೆ ಬೀಸುತ್ತಾರೆ. ಟ್ರ್ಯಾಕ್ಟರಿನ ಸದ್ದಿಗೆ ಚಿಗರಿ ತಲೆಯೆತ್ತಿ ನೋಡಿ ಮತ್ತೆ ಮೇಯುತ್ತದೆಯಂತೆ. ಅದರ ಮೇಲಿಂದ ಮನುಷ್ಯ ಇಳಿದನೋ, ನೆಗೆದು ಓಡುತ್ತದೆ.

ಈ ಮಾತು ಕೇಳಿದಾಗ ನನಗೆ ಕೊಲ್ಹಾಪುರದ ಶಿವಂಗಿ ಬೇಟೆ, ಅಂದರೆ ಚೀತಾ ಬಿಟ್ಟು ಆಡುವ ಬೇಟೆ, ನೆನಪಾಯಿತು. ಅದರ ಬಗ್ಗೆ ಬಹಳ ದಿನಗಳಿಂದ ಓದಿಕೊಂಡು ಬಂದವನು ನಾನು, ತುಸು ಹೇಳದೆ ಇರಲಾರೆ. ಇಂದು ರಾಮದುರ್ಗ ತಾಲೂಕಿನಲ್ಲಿರುವ ತೊರಗಲ್ಲು ಆಗ ಕೊಲ್ಹಾಪುರದ ಅಧೀನದ ಜಹಗೀರು. ಕೊಲ್ಹಾಪುರದ ಅರಮನೆಯಲ್ಲಿ ಚೀತಾ ಸಾಕಿ, ಪಳಗಿಸಿ, ಕೃಷ್ಣಮೃಗದ ಮೇಲೆ ಬಿಡುತ್ತಿದ್ದರು. ನಮ್ಮ ಬಯಲಿನ ಚೀತಾಗಳು ಅಷ್ಟರಲ್ಲೇ ವಿರಳವಾಗಿದ್ದರಿಂದ, ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಕೊಲ್ಹಾಪುರ, ಭಾವನಗರದಂಥ ಸಂಸ್ಥಾನಗಳು ಆಫ್ರಿಕಾದಿಂದ ತರಿಸಿಕೊಂಡವು. ಚೀತಾದ ಕಣ್ಣಿಗೆ ತೊಗಲಿನ ಕುಲಾವಿ ಕಟ್ಟಿ, ಗಾಡಿಯ ಮೇಲೆ ಕೂರಿಸಿ, ಹಿಂಡಿನತ್ತ ನಿಧಾನವಾಗಿ ಹೊರಡುತ್ತಿದ್ದರು. ರೈತರ ಗಾಡಿಗಳನ್ನು ದಿನಾ ನೋಡುವ ಚಿಗರಿಗಳು ಇದಕ್ಕೂ ಬೆದರುತ್ತಿರಲಿಲ್ಲ. ಬಳಿ ಸಾರಿದಾಗ ಕುಲಾವಿ ಕಳಚಿ, ಕರಿ ಗಂಡಿನ ಕಡೆ ಮುಖ ತಿರುಗಿಸಿ ಬಿಡುವುದು. ಕೆಲವು ನೂರು ಗಜದೊಳಗೆ ಎಲ್ಲವೂ ತೀರ್ಮಾನ. ಸಿಕ್ಕರೆ ಚೀತಾ ಕೊರಳು ಹಿಡಿದು ಕೂತಿರುತ್ತಿತ್ತು. ಸಾಕಿದವನು ಹೋಗಿ ಬಿಸಿರಕ್ತವನ್ನು ಮರದ ಸೌಟಿನಲ್ಲಿ ಅದರ ಬಾಯಿಗೆ ಹಿಡಿದು, ಹಿಡಿತ ಸಡಿಲಿಸಿ, ಮತ್ತೆ ಕುಲಾವಿ ತೊಡಿಸುತ್ತಿದ್ದ. ಸಿಗದಿದ್ದರೆ ಅದು ಅಲ್ಲೇ ಕೂತುಬಿಡುತ್ತಿತ್ತು, ಎರಡನೆಯ ಸಲ ಓಡುತ್ತಿರಲಿಲ್ಲ. ಆ ಬೇಟೆಯ ಹಳೆಯ ಚಲನಚಿತ್ರದ ತುಣುಕುಗಳು ಇಂದಿಗೂ ಉಳಿದಿವೆ. ನೋಡುವಾಗ ನನ್ನ ಕಣ್ಣು ಚೀತಾಕ್ಕಿಂತ ಆ ನೆಲದ ಮೇಲೇ ನೆಡುತ್ತದೆ: ದಿಗಂತದವರೆಗೆ ಮೊಣಕಾಲಿನೆತ್ತರದ ಹುಲ್ಲು, ನಡುನಡುವೆ ಹೊಲ, ಎಲ್ಲೂ ಬೇಲಿಯಿಲ್ಲ.

ನಮ್ಮ ಕಡೆಗೂ ಬೇಟೆ ಹೊಸದಲ್ಲ. ಕಿತ್ತೂರಿನ ಮಲ್ಲಸರ್ಜ ದೇಸಾಯಿಗೂ ಕಾಕತಿಯ ಚನ್ನಮ್ಮನಿಗೂ ಮೊದಲ ಭೇಟಿಯಾದದ್ದು ಹುಲಿ ಬೇಟೆಯಲ್ಲಿ ಎಂದು ಜನ ಹೇಳುತ್ತಾರೆ. ರಾಮದುರ್ಗದ ನೆರೆಯ ಮುಧೋಳದಲ್ಲಿ ಘೋರ್ಪಡೆ ಅರಸರು ಬೇಟೆನಾಯಿಯ ತಳಿಯನ್ನೇ ಬೆಳೆಸಿದರು. ಬೇಟೆಗೆ ಹುಲ್ಲುನೆಲ ಬೇಕಿತ್ತು, ದನಕ್ಕೂ ಬೇಕಿತ್ತು. ಮೈಸೂರು ಸೀಮೆಯ ಅಮೃತಮಹಲ್ ಕಾವಲುಗಳು ದನಕ್ಕೆಂದೇ ಉಳಿದವು, ಅವುಗಳಲ್ಲಿ ಬಾಸೂರಿನಂಥ ಕಡೆ ಕೃಷ್ಣಮೃಗವೂ ಉಳಿಯಿತು. ನಮ್ಮ ಕಡೆ ಹಾಗಾಗಲಿಲ್ಲ. ಗಾಂವಠಾಣ, ಗೋಮಾಳ, ಹಳ್ಳದ ದಂಡೆ ಒಂದೊಂದಾಗಿ ಉಳುಮೆಗೆ ಬಿದ್ದವು. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಬಂದ ಮೇಲೆ ಕಾಲುವೆ ನೀರು ಹರಿದಲ್ಲೆಲ್ಲ ಗೋವಿನಜೋಳ, ಕಬ್ಬು. ಬೈಲಹೊಂಗಲ, ಕಿತ್ತೂರಿನ ಕಡೆಯಂತೂ ಕಬ್ಬೇ ಕಬ್ಬು. ಚಿಗರಿಗೆ ಎತ್ತರದ ಬೆಳೆ ಆಗದು. ದೂರದಿಂದ ನೋಡಿ, ಓಡಿ ಬದುಕುವ ಪ್ರಾಣಿ ಅದು, ಕಣ್ಣಿಗೆ ಅಡ್ಡ ಬಂದದ್ದು ಅದಕ್ಕೆ ಅಪಾಯ. ಕಬ್ಬಿನೊಳಗೆ ಕಾಡುಹಂದಿ ಸುಖವಾಗಿರುತ್ತದೆ. ಚಿಗರಿ ಮಾತ್ರ ಉಳಿದ ಕಡಲೆ, ಹೆಸರು, ಶೇಂಗಾ ಹೊಲಗಳಿಗೆ ಬಂದು ಸೇರುತ್ತದೆ. ಹಿಂಡು ಹೆಚ್ಚಾಯಿತು ಎಂಬ ದೂರಿನಲ್ಲಿ ಅರ್ಧ ಪಾಲು ಜಾಗ ಕಿರಿದಾಯಿತು ಎಂಬುದೇ ಎಂದು ನನ್ನ ಅನಿಸಿಕೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೃಷ್ಣಮೃಗವನ್ನು ಮೊದಲ ಪರಿಚ್ಛೇದದಲ್ಲಿ ಇರಿಸಿತು. ಕೊಂದವರಿಗೆ ಕನಿಷ್ಠ 3 ವರ್ಷ ಜೈಲು. 1974ರಲ್ಲಿ ರಾಣೆಬೆನ್ನೂರಿನಲ್ಲಿ 119 ಚದರ ಕಿಲೊಮೀಟರಿನ ಅಭಯಾರಣ್ಯವಾಯಿತು. ಆದರೆ ಅಲ್ಲಿ ಬಹುಪಾಲು ನೀಲಗಿರಿ ನೆಡುತೋಪು. ಹುಲ್ಲು ತಿನ್ನುವ ಪ್ರಾಣಿಗೆ ನೀಲಗಿರಿ ನೆಟ್ಟುಕೊಟ್ಟದ್ದು ನನಗಂತೂ ಒಪ್ಪಿಗೆಯಿಲ್ಲ. ರಾಮದುರ್ಗಕ್ಕೆ ಹತ್ತಿರವೇ, ಮುಧೋಳ–ಬೀಳಗಿ ತಾಲೂಕಿನ ಯಡಹಳ್ಳಿಯಲ್ಲಿ, 2016ರಲ್ಲಿ ಚಿಂಕಾರಕ್ಕೆ 96 ಚದರ ಕಿಲೊಮೀಟರ್ ಸಿಕ್ಕಿತು. ನಮ್ಮ ಕಡೆಯ ಚಿಗರಿಗೆ ಅಂಥದ್ದೇನೂ ಇಲ್ಲ.

ಹಿಡಿದು ಬೇರೆಡೆ ಬಿಡಿ ಎನ್ನುವ ಬೇಡಿಕೆ ಪ್ರತಿ ಹಿಂಗಾರಿಗೂ ಏಳುತ್ತದೆ. ಮಧ್ಯಪ್ರದೇಶದಲ್ಲಿ 2025ರಲ್ಲಿ ಹೆಲಿಕಾಪ್ಟರ್ ಬಳಸಿ ನೂರಾರು ಕೃಷ್ಣಮೃಗಗಳನ್ನು ಹೊಲಗಳಿಂದ ಸಾಗಿಸಿದರು. ಆದರೆ ಬೇಲಿಯೊಳಗೆ ಒಟ್ಟಾಗಿ ಕೂಡಿಹಾಕುವ ಜಿಂಕೆವನದ ಮೇಲೆ ನನಗೆ ನಂಬಿಕೆಯಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಬೆಳಗಾವಿ ಬಳಿಯ ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚನ್ನಮ್ಮ ಮೃಗಾಲಯದಲ್ಲಿ ಗಳಲೆ ರೋಗಕ್ಕೆ ಕೆಲವೇ ದಿನಗಳಲ್ಲಿ 31 ಕೃಷ್ಣಮೃಗಗಳು ಸತ್ತವು. ಟೆಕ್ಸಸ್ಸಿನ ದಾರಿಯಂತೂ ಬೇಡವೇ ಬೇಡ. ಕಾಯ್ದೆ ಬಿಡುವುದಿಲ್ಲ ಎಂಬುದಷ್ಟೇ ಕಾರಣವಲ್ಲ. ದುಡ್ಡಿದ್ದವನು ಕೊಂಬಿಗಾಗಿ ಹೊಡೆದು ಹೋದರೆ ನಮ್ಮ ಹೊಲಕ್ಕೆ ಏನು ಉಳಿಯಿತು?

ಆದರೆ ಅಲ್ಲಿಯ ಒಂದು ತಿಳಿವಳಿಕೆ ನಮಗೆ ಬೇಕು. ಮೇವಿನ ಪಟ್ಟಿ ಬಿಡುವುದು ಕೆಲಸ, ಆ ಕೆಲಸಕ್ಕೆ ಬೆಲೆಯಿದೆ. ಈಗ ಪರಿಹಾರ ಸಿಗುವುದು ಬೆಳೆ ಹಾಳಾದ ಮೇಲೆ. ಉತಾರ ತರಬೇಕು, ಫೋಟೊ ತೆಗೆಸಬೇಕು, ಪಂಚನಾಮೆಗೆ ಕಾಯಬೇಕು, ಅಷ್ಟರಲ್ಲಿ ಕಡಲೆ ಕಿತ್ತು ರಾಶಿಯಾಗಿರುತ್ತದೆ. ಹಳ್ಳದ ದಂಡೆಗೆ ಹತ್ತಿದ ಹೊಲದವರು ಇಷ್ಟು ಅಗಲದ ಪಟ್ಟಿ ಬಿಟ್ಟು ಹುರುಳಿ ಬಿತ್ತಿದರೆ, ಅದರ ಬಾಡಿಗೆಯನ್ನು ಮುಂಗಡವೇ ಕೊಡಬೇಕು. ಒಬ್ಬರು ಬಿಟ್ಟರೆ ಸಾಲದು. ಆ ಹಿರಿಯರೂ ಅದನ್ನೇ ಹೇಳಿದರು, ಊರಿನ ಚಿಗರಿಯೆಲ್ಲ ತಮ್ಮ ಹೊಲಕ್ಕೇ ಬರುತ್ತಿದೆ ಎಂದು. ಹಳ್ಳದುದ್ದಕ್ಕೂ ಹತ್ತಿಪ್ಪತ್ತು ಹೊಲದವರು ಕೂಡಿ ಪಟ್ಟಿ ಬಿಡಬೇಕು, ಅದು ಒಂದಕ್ಕೊಂದು ಕೂಡಿಕೊಂಡು ಹೋಗಬೇಕು.

ಇದರಲ್ಲಿ ಹೊಸದೇನೂ ಇಲ್ಲ. ಶೀಗಿ ಹುಣ್ಣಿಮೆಗೂ ಎಳ್ಳ ಅಮಾವಾಸ್ಯೆಗೂ ಹೊಲದ ತುಂಬ ಚರಗ ಚೆಲ್ಲುವ ಜನ ನಾವು. ದಂಡೆಯ ಪಟ್ಟಿಯಲ್ಲಿ ನಿಮಗೆ ಎಷ್ಟು ನಷ್ಟ ಎಂದು ಹಿರಿಯರನ್ನು ಕೇಳಿದೆ. “ಅರ್ಧ ಚೀಲ ಕಡ್ಲಿ ಆದೀತ್ರಿ” ಎಂದರು. ಪಟ್ಟಿ ಇಲ್ಲದ ವರ್ಷ ಒಳಗಿನ ಕಡಲೆಯಲ್ಲಿ ಹೋದದ್ದು ಅದಕ್ಕಿಂತ ಎಷ್ಟೋ ಹೆಚ್ಚು. ಆ ಅರ್ಧ ಚೀಲದ ಬೆಲೆ ಬಿತ್ತಿಗೆಗೆ ಮೊದಲು ಖಾತೆಗೆ ಜಮಾ ಆಗಲಿ, ಹುರುಳಿ ಬೀಜ ರೈತರೇ ತರುತ್ತಾರೆ.