ಮನೆಯಲ್ಲಿ ಇಬ್ಬರೇ ಉಳಿದಾಗ

ನಿನ್ನೆ ದಿನವಿಡೀ ನಿಮ್ಮ ಯಜಮಾನರೊಡನೆ ಏನೇನು ಮಾತಾಡಿದಿರಿ, ನೆನಪಿದೆಯೇ? "ಆಳು ಬಂದ್ನಾ?", "ಗ್ಯಾಸ್ ಬಂತಾ?", "ಅಡಿಕೆ ರೇಟು ಎಷ್ಟಂತೆ?" ಇಷ್ಟೇ ಆಗಿದ್ದರೆ ನಾಚಿಕೊಳ್ಳಬೇಡಿ ಸೋದರಿಯರೇ, ನೀವೊಬ್ಬರೇ ಅಲ್ಲ.

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಗಳಲ್ಲಿ ಈ ಬೇಸರಕ್ಕೆ ಒಂದು ಬೇರೆಯೇ ಕಾರಣವಿದೆ. ಮದುವೆಯಾಗಿ ಬಂದಾಗ ಮನೆ ತುಂಬ ಜನ. ಅತ್ತೆ, ಮಾವ, ಮೈದುನರು. ಕೊನೆಕೊಯ್ಲಿನ ಕಾಲದಲ್ಲಂತೂ ರಾತ್ರಿಯವರೆಗೂ ಅಡಿಕೆ ಸುಲಿಯುವವರ ಸಾಲು. ಗಂಡ ಹೆಂಡತಿ ಕಣ್ಣಲ್ಲೇ ನಕ್ಕರೂ ಯಾರೋ ಕೆಮ್ಮುತ್ತಿದ್ದರು. ಆ ಅಡ್ಡಿಯೇ ಒಂದು ರುಚಿಯಾಗಿತ್ತೇನೋ! ಈಗ ಹಿರಿಯರಿಲ್ಲ, ಮಕ್ಕಳು ಬೆಂಗಳೂರು ಸೇರಿದ್ದಾರೆ. ಇಪ್ಪತ್ತು, ಇಪ್ಪತ್ತೈದು ವರ್ಷಗಳ ಮೇಲೆ ಏಕಾಂತ ಸಿಕ್ಕಿದೆ, ಆಡಲು ಮಾತೇ ಇಲ್ಲ. ಅವರು ಟೀವಿಯ ಮುಂದೆ, ನಾವು ಮೊಬೈಲ್ ಹಿಡಿದು ಅಡುಗೆಮನೆಯಲ್ಲಿ.

"ಪ್ರೀತಿಯೇ ಹೋಯ್ತು" ಅನ್ನುವ ಗೆಳತಿಯರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನಮಗೆ ಜ್ವರ ಬಂದರೆ ನಡುರಾತ್ರಿ ಎದ್ದು ಕಷಾಯ ಕಾಸಿಕೊಡುವವರಲ್ಲಿ ಪ್ರೀತಿ ಇಲ್ಲ ಅನ್ನೋದು ಹೇಗೆ? ಹೋದದ್ದು ಕುತೂಹಲ. (ಕುಡಿದು ಹೊಡೆಯುವವನ ಮನೆಯ ಮಾತು ಬೇರೆ, ಅದನ್ನು ಬೇಸರ ಎನ್ನಬಾರದು.)

ಅಮೆರಿಕದ ಮನಶ್ಶಾಸ್ತ್ರಜ್ಞ ಆರ್ಥರ್ ಆರನ್ ಮತ್ತು ಸಂಗಡಿಗರು 1993ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. 53 ದಂಪತಿಗಳಲ್ಲಿ ಕೆಲವರು ವಾರಕ್ಕೆ ಒಂದೂವರೆ ಗಂಟೆ ಜೊತೆಯಾಗಿ ಹಿತವಾದದ್ದೇನಾದರೂ ಮಾಡಬೇಕು, ಕೆಲವರು ಹುರುಪು ತರುವಂಥದ್ದು ಮಾಡಬೇಕು, ಉಳಿದವರು ಎಂದಿನಂತೆ ಇರಬೇಕು. 10 ವಾರಗಳ ಮೇಲೆ ನೋಡಿದರೆ, ಬರೀ ಹಿತ ಕಂಡವರಿಗಿಂತ ಹುರುಪು ಕಂಡವರಿಗೇ ದಾಂಪತ್ಯದಲ್ಲಿ ಹೆಚ್ಚು ತೃಪ್ತಿ!

ಹಾಗಂತ ಊಟಿಗೆ ಓಡಬೇಕಿಲ್ಲ. ಮಾಗೋಡು ಜಲಪಾತಕ್ಕೆ ಎಲ್ಲೆಲ್ಲಿಂದಲೋ ಜನ ಬರ್ತಾರೆ. ಯಲ್ಲಾಪುರದವರು ಹೋಗುವುದು ನೆಂಟರು ಬಂದಾಗ, ಅದೂ ಬುತ್ತಿ ಹೊರಲು. ಇಬ್ಬರೇ ಕೂತು ಜೇನುಕಲ್ಲು ಗುಡ್ಡದ ಸೂರ್ಯಾಸ್ತ ನೋಡಿದ್ದೀರಾ? ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ. ಅಲ್ಲೂ ಅವರು ಒಂದು ಕಡೆ, ನಾವು ಬಳೆ ಅಂಗಡಿಯ ಕಡೆ. ಈ ಸಲ ಬಳೆ ಆರಿಸಲು ಅವರನ್ನೇ ಕರೆದೊಯ್ಯಿರಿ. ಗೊಣಗಬಹುದು. ಗೊಣಗಲಿ.

ಇನ್ನೊಂದು ಮಾತು, ಪಿಸುದನಿಯಲ್ಲೇ ಹೇಳ್ತೇನೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ಕಡಿಮೆಯಾಗಿ ಒಳಗೆ ಒಣಗುತ್ತದೆ, ಕೂಡುವಾಗ ನೋವಾಗಬಹುದು. ನಾವು ಹೇಳದೆ ಗೋಡೆಯ ಕಡೆ ತಿರುಗಿ ಮಲಗುತ್ತೇವೆ. ಅವರು "ಇವಳಿಗೆ ನಾನು ಬೇಡವಾದೆ" ಅಂದುಕೊಳ್ಳುತ್ತಾರೆ. ಸಕ್ಕರೆ ಕಾಯಿಲೆಯೂ, ಬಿ.ಪಿ.ಯ ಕೆಲವು ಮಾತ್ರೆಗಳೂ ಗಂಡಸರ ಶಕ್ತಿ ಕುಂದಿಸುವುದುಂಟು, ಅವರೂ ಬಾಯಿಬಿಡುವುದಿಲ್ಲ. ಎರಡಕ್ಕೂ ಚಿಕಿತ್ಸೆಯಿದೆ, ಡಾಕ್ಟರರನ್ನು ಕೇಳಿ. ಮಾತ್ರೆಯನ್ನು ಮಾತ್ರ ತಾವಾಗಿಯೇ ನಿಲ್ಲಿಸಕೂಡದು.

ಮೊದಲು ಅವರೇ ಕರೆಯಲಿ ಎಂದು ಕೂತರೆ ಕಾದಿದ್ದೇ ಬಂತು. ಮಳೆ ಹಿಂದಾಗಿ ಕೊಯ್ಲು ಶುರುವಾಗುವ ಮೊದಲು ಸಿದ್ದಾಪುರದ ಉಂಚಳ್ಳಿಯಲ್ಲಿ ಅಘನಾಶಿನಿ ಇನ್ನೂ ತುಂಬಿ ಧುಮುಕುತ್ತಿರುತ್ತಾಳೆ. ಮೊಸರನ್ನ, ಅಪ್ಪೆಮಿಡಿ ಕಟ್ಟಿಕೊಳ್ಳಿ. ನೆಂಟರಿಗೆ ಹೇಳಬೇಡಿ.